ಉಣುಗಿನ ಕಾಲದಲ್ಲಿ ಬೆಟ್ಟಕ್ಕೆ ಹೋಗಿ ದರಗು ತಂದು ಮನೆಗೆ ವಾಪಸ್ ಬರೋದು ಹೇಗೆ

ಡಿಸೆಂಬರ್ ಬಂತು ಅಂದ್ರೆ ನಮ್ಮ ಸಾಗರದ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿ, ಅದು ಒಂದು ಹದಕ್ಕೆ ಬರೋ ಹೊತ್ತಿಗೆ ಬೆಟ್ಟದಿಂದ ದರಗು, ಅಂದ್ರೆ ಒಣಗಿ ಬಿದ್ದ ಎಲೆ, ಗುಡಿಸಿ ತರೋ ಕೆಲಸ ಶುರು, ಮತ್ತೆ ಸರಿಯಾಗಿ ಅದೇ ಹೊತ್ತಲ್ಲೇ ಕಾಡಲ್ಲಿ ಮರಿ ಉಣುಗು (ರಕ್ತ ಹೀರೋ ಉಣ್ಣೆ) ಏಳೋದು. ಅದು ಕಚ್ಚಿ ಬರೋ ಮಂಗನ ಕಾಯಿಲೆ ಬಗ್ಗೆ ಪ್ರತಿ ವರ್ಷ ಪೇಪರಲ್ಲಿ ಬರತ್ತೆ, ವಾಟ್ಸಾಪಲ್ಲಿ ಏನೇನೋ ಫಾರ್ವರ್ಡ್ ಬರತ್ತೆ, ಆದ್ರೆ ಬೆಳಿಗ್ಗೆ ಎದ್ದು ಕತ್ತಿ ಹಿಡ್ಕೊಂಡು ಬೆಟ್ಟಕ್ಕೆ ಹೊರಟೋರು ಏನೇನು ಮಾಡ್ಬೇಕು ಅಂತ ಮೊದಲಿಂದ ಕೊನೆವರೆಗೆ ಹೇಳೋರು ಕಮ್ಮಿ. ಹಾಗಾಗಿ ನಾನು ಈ ನಾಲ್ಕೈದು ವರ್ಷದಲ್ಲಿ ಓದಿದ್ದು, ಡಾಕ್ಟ್ರ ಹತ್ರ, ದನದ ಡಾಕ್ಟ್ರ ಹತ್ರ, ಆಶಾ ಅಕ್ಕನ ಹತ್ರ ಕೇಳಿ ತಿಳ್ಕೊಂಡಿದ್ದು, ನಮ್ಮನೇಲಿ ಮಾಡ್ತಿರೋದು ಎಲ್ಲ ಸೇರಿಸಿ ಬರೀತಿದೀನಿ. ಸಂಕ್ರಾಂತಿಗೋ ಶಿವರಾತ್ರಿಗೋ ಬೆಂಗಳೂರಿಂದ ಊರಿಗೆ ಬಂದು ಮಕ್ಕಳನ್ನ ಕರ್ಕೊಂಡು ತೋಟ, ಬೆಟ್ಟ ಸುತ್ತೋರೂ ದಯವಿಟ್ಟು ಓದಿ, ನೀವು ಬರೋದೇ ಉಣುಗು ಜಾಸ್ತಿ ಇರೋ ತಿಂಗಳಲ್ಲಿ.

ಮೊದಲು ಒಂದು ಮಾತು ತಲೇಲಿ ಕೂರಬೇಕು. ಹೆಸರು ಮಂಗನ ಕಾಯಿಲೆ ಅಂತಿದ್ರೂ ನಮಗೆ ಅದನ್ನ ದಾಟಿಸೋದು ಉಣುಗು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು, ಸುತ್ತಲ ಹಳ್ಳಿ ಜನಕ್ಕೆ ಜ್ವರ ಬಂದಾಗ ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು ಬಂದು ನೋಡಿದ್ರು, ಟೆಲ್ಫರ್ಡ್ ವರ್ಕ್ ಅನ್ನೋರು ಆಗ ಅದರ ಮುಖ್ಯಸ್ಥರು. ಮೊದಮೊದಲು ಹಳದಿ ಜ್ವರ ಇಂಡಿಯಾಕ್ಕೆ ಕಾಲಿಡ್ತೇನೋ ಅಂತ ಗಾಬರಿ, ಯಾಕಂದ್ರೆ ಅದರಲ್ಲೂ ಮಂಗ ಸಾಯತ್ತೆ. ಆಮೇಲೆ ಗೊತ್ತಾಗಿದ್ದು ಇದು ರಷ್ಯಾ ಕಡೆ ಉಣುಗಿಂದ ಬರೋ ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ ಅಂತ. ಹಾಗಾದ್ರೆ ಅಲ್ಲಿಂದ ವಲಸೆ ಹಕ್ಕಿ ತಂತಾ ಅಂತ ಪ್ರಶ್ನೆ ಎದ್ದು, ಪಕ್ಷಿತಜ್ಞ ಸಲೀಂ ಅಲಿಯವರು ವಲಸೆ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕೋ ದೊಡ್ಡ ಕೆಲಸ ಶುರು ಮಾಡಿದ್ದರ ಹಿಂದೆ ನಮ್ಮ ಈ ಜ್ವರಾನೂ ಇತ್ತು. ಹಕ್ಕಿ ತಂದಿದ್ದು ಅಂತ ಸಾಬೀತಾಗ್ಲಿಲ್ಲ, ಆದ್ರೆ ಮಂಗ, ಉಣುಗು, ದನ, ಕಾಡು, ಮನುಷ್ಯ ಈ ಐದನ್ನೂ ಒಟ್ಟಿಗೆ ನೋಡದೆ ಈ ಕಾಯಿಲೆ ಅರ್ಥ ಆಗಲ್ಲ ಅನ್ನೋದು ಅವತ್ತಿಂದಲೇ ಗೊತ್ತಿರೋ ವಿಷಯ.

ಉಣುಗಿನ ವರ್ಷದ ಲೆಕ್ಕ ಹೀಗೆ. ಮುಖ್ಯವಾಗಿ ಈ ಕಾಯಿಲೆ ಹರಡೋ ಜಾತಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅಂತ. ಮಳೆಗಾಲದಲ್ಲಿ ಇದರ ದೊಡ್ಡ ಉಣುಗು ದನ, ಕಾಟಿ, ಕಡವೆ ಅಂಥ ದೊಡ್ಡ ಪ್ರಾಣಿ ಮೇಲೆ ರಕ್ತ ಕುಡಿದು ಕೆಳಗೆ ಬಿದ್ದು ನೆಲದಲ್ಲಿ ಮೊಟ್ಟೆ ಇಡತ್ತೆ, ಮಳೆ ನಿಂತ ಮೇಲೆ ಆರು ಕಾಲಿನ ಪುಟ್ಟ ಮರಿ ಹೊರಗೆ ಬಂದು ಇಲಿ, ಹಕ್ಕಿ, ಮಂಗ ಸಿಕ್ಕಿದ್ದಕ್ಕೆ ಹತ್ತತ್ತೆ, ಅದು ಬೆಳೆದು ಎಂಟು ಕಾಲಿನ ಮರಿ ಆಗೋದು ಡಿಸೆಂಬರಿಂದ ಮೇ ಒಳಗೆ. ಮನುಷ್ಯರಿಗೆ ಕಚ್ಚಿ ಕಾಯಿಲೆ ತರೋದು ಹೆಚ್ಚಾಗಿ ಈ ಎಂಟು ಕಾಲಿನ ಮರಿ. ಇನ್ನು ಮಂಗನ ಪಾತ್ರ ಏನಂದ್ರೆ, ಕೆಂಪು ಮುಸುಡಿ ಮಂಗ ಆಗ್ಲಿ ಕಪ್ಪು ಮುಸುಡಿ ಮುಸಿಯ ಆಗ್ಲಿ, ಅದರ ರಕ್ತದಲ್ಲಿ ಈ ವೈರಸ್ ವಿಪರೀತ ಹೆಚ್ಚಾಗತ್ತೆ, ಆಗ ಅದರ ಮೈ ಮೇಲಿರೋ ಉಣುಗಿಗೆಲ್ಲ ವೈರಸ್ ಸೇರತ್ತೆ, ಮಂಗ ಸತ್ತು ಮೈ ತಣ್ಣಗಾದ್ರೆ ಉಣುಗೆಲ್ಲ ಇಳಿದು ಆ ಮರದ ಬುಡದ ಸುತ್ತಲ ದರಗಿಗೆ ಸೇರ್ಕೊಳತ್ತೆ. ಮಂಗನ ಹೆಣ ಕಾಣದೆ ಹೋದ್ರೂ ಆ ಜಾಗ ಹಾಗೇ ಇರತ್ತೆ. ಮಂಗನ್ನ ಕಂಡ್ರೆ ಕೋವಿ ತೆಗೆಯೋರಿಗೆ ನಾನು ಕೈ ಮುಗಿದು ಹೇಳ್ತೀನಿ, ಅದು ನಮಗಿಂತ ಮೊದಲು ಈ ಕಾಯಿಲೆಗೆ ಸಾಯ್ತಿರೋ ಜೀವ, ಅದನ್ನ ಹೊಡೆದ್ರೆ ಉಣುಗು ಕಮ್ಮಿ ಆಗಲ್ಲ.

ಹಾಗಾಗಿ ಬೆಟ್ಟಕ್ಕೆ ಹೊರಡೋ ಮೊದಲಿನ ಕೆಲಸ, ವಿಚಾರಿಸೋದು. ನಾವು ಹೋಗೋ ದಿಕ್ಕಲ್ಲಿ ಮಂಗ ಸತ್ತಿದ್ಯಾ, ಅಕ್ಕಪಕ್ಕದ ಊರಲ್ಲಿ ಯಾರಿಗಾದ್ರೂ ಕೆಎಫ್‌ಡಿ (ಮಂಗನ ಕಾಯಿಲೆಗೆ ಡಾಕ್ಟ್ರು ಹೇಳೋ ಹೆಸರು) ಪಾಸಿಟಿವ್ ಬಂದಿದ್ಯಾ ಅಂತ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದ್ರೆ ಸಾಕು, ಅವರ ಹತ್ರ ಈ ಲೆಕ್ಕ ಇರತ್ತೆ. ಸತ್ತಿದ್ರೆ ಆ ವರ್ಷ ಆ ಜಾಗದ ದರಗು, ಸೊಪ್ಪು, ಸೌದೆ ಯಾವುದೂ ಬೇಡ, ಎಷ್ಟೇ ಒಳ್ಳೇ ದರಗು ಬಿದ್ದಿದ್ರೂ ಬಿಡಿ. ನೀವೇ ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ಬೇಡಿ, ಮುಟ್ಟಬೇಡಿ, ಪೂಜೆ ಮಾಡಿ ಮಣ್ಣು ಮಾಡ್ಬೇಕು ಅನ್ನೋ ಭಾವನೆ ನಮ್ಮ ಜನಕ್ಕೆ ಇರತ್ತೆ, ಹನುಮಂತನ ರೂಪ ಅಂತ ನಾವೆಲ್ಲ ನಂಬಿದೋರೇ, ಆದ್ರೂ ಈ ಕಾಲದಲ್ಲಿ ಅದನ್ನ ಮಾಡ್ಬೇಡಿ. ದೂರದಿಂದ ಮೊಬೈಲಲ್ಲಿ ಫೋಟೋ, ಲೊಕೇಶನ್ ತೆಗೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಂಚಾಯ್ತಿಗೆ, ಫಾರೆಸ್ಟ್ ಗಾರ್ಡಿಗೆ ತಿಳಿಸಿ. ಅವರು ಬಂದು ಪೋಸ್ಟ್‌ಮಾರ್ಟಂಗೆ ವ್ಯವಸ್ಥೆ ಮಾಡಿ, ಹೆಣದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಹೊಡೀತಾರೆ. ಎಷ್ಟು ಬೇಗ ತಿಳಿಸ್ತೀರೋ ಅಷ್ಟು ಒಳ್ಳೇದು, ಹೆಣ ಕೊಳೆತ ಮೇಲೆ ಟೆಸ್ಟಿಗೆ ಸ್ಯಾಂಪಲ್ ಸರಿಯಾಗಿ ಸಿಗಲ್ಲ.

ಆದ್ರೆ ಮಂಗ ಸತ್ತಿಲ್ಲ ಅಂತ ಸುದ್ದಿ ಬಂದ್ರೆ ಧೈರ್ಯವಾಗಿ ಲುಂಗಿ ಕಟ್ಕೊಂಡು ಹೋಗಬಹುದು ಅಂತ ಅಲ್ಲ. ದಟ್ಟ ಕಾಡಲ್ಲಿ ಸತ್ತ ಮಂಗ ಯಾರ ಕಣ್ಣಿಗೂ ಬೀಳದೆ ಹೋಗತ್ತೆ, ಜೊತೆಗೆ ಇಲಿ, ಮೂಗಿಲಿ ಅಂಥವೂ ಈ ವೈರಸ್ ಇಟ್ಕೊಂಡಿರತ್ತೆ. ಬ್ರಿಟನ್ನಿನ ಮತ್ತು ನಮ್ಮ ದೇಶದ ಸಂಶೋಧಕರು ಸೇರಿ ಮಂಕಿ ಫೀವರ್ ರಿಸ್ಕ್ ಅಂತ ಒಂದು ಪ್ರಾಜೆಕ್ಟ್ ಮಾಡಿದ್ರು, ಅದರಲ್ಲಿ ಪರಿಸರದೋರು, ಪಶುವೈದ್ಯಕೀಯದೋರು, ಆರೋಗ್ಯ ಇಲಾಖೆಯೋರು ಎಲ್ಲ ಒಂದೇ ಟೇಬಲ್ಲಿಗೆ ಕೂತಿದ್ರು, ಅದೇ ನನಗೆ ತುಂಬಾ ಇಷ್ಟ ಆಗಿದ್ದು. 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಶಿವಮೊಗ್ಗ ಕಡೆ ಕಾಯಿಲೆ ಹೆಚ್ಚಾಗಿ ಏಳೋದು ಎಲ್ಲಿ ಅಂದ್ರೆ, ನಿತ್ಯಹರಿದ್ವರ್ಣ ಕಾಡು ಮತ್ತೆ ತೋಟ ಎರಡೂ ಒಂದಕ್ಕೊಂದು ಹೆಣ್ಕೊಂಡಿರೋ, ಊರ ದನ ಜಾಸ್ತಿ ಇರೋ ಜಾಗದಲ್ಲಿ. ಇದನ್ನ ಓದಿದಾಗ ನನಗೆ ನಮ್ಮನೆ ಹಿತ್ತಲಲ್ಲೇ ನಿಂತ್ಕೊಂಡು ಬರೆದ ಹಾಗನ್ನಿಸ್ತು, ಮೇಲೆ ಸೊಪ್ಪಿನಬೆಟ್ಟ, ಕೆಳಗೆ ಅಡಿಕೆ ತೋಟ, ನಡುವೆ ಕೊಟ್ಟಿಗೆ. ಅಂದ್ರೆ ದೊಡ್ಡ ಕಾಡಿನ ಒಳಗೆ ಹೋದ್ರೆ ಮಾತ್ರ ಹುಷಾರಾಗಿರಬೇಕು ಅನ್ನೋ ಲೆಕ್ಕ ತಪ್ಪು, ತೋಟದ ಮೇಲಿನ ಅಗಳ ದಾಟಿ ಹತ್ತು ಹೆಜ್ಜೆ ಇಟ್ರೂ ಕಾಡಿಗೆ ಹೋದ ಹಾಗೇ ತಯಾರಾಗಿ ಹೋಗಿ. 2018-19ರಲ್ಲಿ ನಮ್ಮ ತಾಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆ ಎದ್ದು ಏನಾಯ್ತು ಅಂತ ಸಾಗರದೋರಿಗೆ ನಾನು ಹೇಳೋದು ಬೇಡ.

ಈಗ ಬಟ್ಟೆ. ಉಣುಗಿಗೆ ಹಾರೋಕೆ ನೆಗೆಯೋಕೆ ಬರಲ್ಲ, ಹುಲ್ಲು ದರಗಿನ ತುದೀಲಿ ಕಾಲು ಚಾಚ್ಕೊಂಡು ಕೂತು ನಾವು ಸವರ್ಕೊಂಡು ಹೋದಾಗ ಹತ್ಕೊಳತ್ತೆ, ಆಮೇಲೆ ಮೇಲಕ್ಕೆ ನಡೀತಾ ಹೋಗತ್ತೆ. ಹಾಗಾಗಿ ಅದು ಹತ್ತೋ ದಾರಿ ಮುಚ್ಚಬೇಕು. ಪ್ಯಾಂಟು ಹಾಕಿ, ಪ್ಯಾಂಟಿನ ತುದಿನ ಸಾಕ್ಸ್ ಒಳಗೆ ತುರುಕಿ, ಮೇಲೆ ಗಮ್‌ಬೂಟ್, ತುಂಬು ತೋಳಿನ ಅಂಗಿ, ಅಂಗಿನ ಪ್ಯಾಂಟಿನೊಳಗೆ ಸಿಕ್ಕಿಸಿ. ಹೆಂಗಸರಿಗೆ ಸೀರೆ ಉಟ್ಟು ದರಗು ಹೊರೋದು ರೂಢಿ, ನಮ್ಮ ಅಮ್ಮ ಈಗ ಅಪ್ಪಯ್ಯನ ಹಳೇ ಪ್ಯಾಂಟ್ ಹಾಕ್ಕೊಂಡು ಮೇಲೊಂದು ಅಂಗಿ ತೊಟ್ಟು ಹೋಗ್ತಾರೆ, ಮೊದಲ ವರ್ಷ ಸಂಕೋಚ ಇತ್ತು, ಈಗ ಕೇರಿ ಹೆಂಗಸರು ಎಲ್ಲ ಹಾಗೇ ಹೋಗೋದು. ಬಣ್ಣ ತಿಳಿಯಾಗಿರಲಿ, ಬಿಳಿ ಅಥವಾ ಕೆನೆ ಬಣ್ಣ, ಆಗ ಮೇಲೆ ಹರಿಯೋ ಉಣುಗು ಕಣ್ಣಿಗೆ ಬೀಳತ್ತೆ. ಜೇಬಲ್ಲಿ ಅಗಲದ ಸೆಲ್ಲೋಟೇಪ್ ಒಂದು ರೋಲ್ ಇಟ್ಕೊಳ್ಳಿ, ಬಟ್ಟೆ ಮೇಲೆ ಗುಂಪಾಗಿ ಮರಿ ಹತ್ತಿದ್ರೆ ಟೇಪಿನ ಅಂಟು ಕಡೆಯಿಂದ ಒತ್ತಿ ಎತ್ತಿದ್ರೆ ಎಲ್ಲ ಅಂಟ್ಕೊಂಡು ಬರತ್ತೆ, ಅದನ್ನ ಮಡಚಿ ಕವರಿಗೆ ಹಾಕಿ.

ಇನ್ನು ಉಣುಗು ಹತ್ತದ ಹಾಗೆ ಮೈಗೆ ಹಚ್ಕೊಳೋ ಎಣ್ಣೆ ಬಗ್ಗೆ. ಮುಂಚೆ ಆರೋಗ್ಯ ಇಲಾಖೆಯೋರು ಡಿಎಂಪಿ ಎಣ್ಣೆ ಕೊಡ್ತಿದ್ರು, ಈಗ ಡೀಪಾ ಅನ್ನೋದು ಬಂದಿದೆ, ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ಸೈನಿಕರಿಗೋಸ್ಕರ ತಯಾರಿಸಿದ ಔಷಧಿ. ಅಂಗನವಾಡಿಯಲ್ಲೋ ಆಶಾ ಹತ್ರನೋ ಕೇಳಿದ್ರೆ ಸಿಗತ್ತೆ. ಕೈ, ಕಾಲು, ಕುತ್ತಿಗೆಗೆ ಹಚ್ಕೊಂಡು ಹೋಗೋದು, ಬೆವರು ಹರಿದ ಮೇಲೆ ಮತ್ತೆ ಹಚ್ಕೊಳೋದು, ಕಣ್ಣು, ಬಾಯಿ, ಗಾಯಕ್ಕೆ ತಾಗಿಸ್ಬೇಡಿ. ಬೆಳಿಗ್ಗೆ ಒಂದ್ಸಲ ಹಚ್ಚಿ ಸಂಜೆವರೆಗೆ ನಂಬ್ಕೊಂಡಿರೋದೇ ಎಲ್ಲರೂ ಮಾಡೋ ತಪ್ಪು. ಮತ್ತೆ ಇದು ಬಟ್ಟೆ ಬದಲಿಗಲ್ಲ, ಬಟ್ಟೆ ಜೊತೆಗೆ.

ಕೆಲಸ ಮಾಡುವಾಗ ಒಂದು ನಿಯಮ ಪಾಲಿಸಿ, ದರಗಿನ ಮೇಲೆ ಕೂರಬೇಡಿ. ಹನ್ನೊಂದು ಗಂಟೆಗೆ ಚಾ ಕುಡಿಯೋಕೆ, ಎಲೆಅಡಿಕೆ ಹಾಕೋಕೆ ಮರದ ಬುಡದಲ್ಲಿ ದರಗಿನ ರಾಶಿ ಮೇಲೇ ಆರಾಮಾಗಿ ಕೂತು ಬಿಡ್ತೀವಲ್ಲ, ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ದಾರಿ ಮಧ್ಯ ಬಿಸಿಲು ಬೀಳೋ ಬಂಡೆ ಮೇಲೆ ಅಥವಾ ಒಂದು ಟಾರ್ಪಾಲ್ ಹಾಸಿ ಕೂತ್ಕೊಳ್ಳಿ. ದರಗಿನ ಹೊರೆನ ಬರೀ ಬೆನ್ನು, ಬರೀ ತಲೆ ಮೇಲೆ ಹೊರಬೇಡಿ. ತಂದಿದ್ದನ್ನ ಮನೆ ಗೋಡೆಗೆ ಒತ್ತಿ, ಮಕ್ಕಳು ಆಡೋ ಅಂಗಳದ ಪಕ್ಕ ರಾಶಿ ಹಾಕಬೇಡಿ, ಗೊಬ್ಬರಗುಂಡಿ ಹತ್ರವೇ ಇಳಿಸಿ. ಕಾಯಿಲೆ ಕಾಣಿಸಿದ ವರ್ಷ ನಾವು ಕೊಟ್ಟಿಗೆಗೆ ದರಗು ಹಾಸೋದೇ ಬಿಟ್ಟು ಭತ್ತದ ಹುಲ್ಲು, ತೋಟದೊಳಗಿನ ಅಡಿಕೆ ಹಾಳೆ ಸೋಗೆ ಕತ್ತರಿಸಿ ಹಾಕಿದ್ವಿ, ಗೊಬ್ಬರ ಸ್ವಲ್ಪ ಕಮ್ಮಿ ಆಯ್ತು ನಿಜ, ಆ ವರ್ಷದ ಮಟ್ಟಿಗೆ ಅಷ್ಟು ತಡ್ಕೋಬಹುದು.

ಇನ್ನು ಮನೆಗೆ ವಾಪಸ್ ಬರೋದು, ನನ್ನ ಪ್ರಕಾರ ಇಡೀ ದಿನದಲ್ಲಿ ಮುಖ್ಯವಾದ ಅರ್ಧ ಗಂಟೆ ಇದೇ. ಹಾಕಿದ ಬಟ್ಟೆಲಿ ಸೀದಾ ಜಗುಲಿಗೆ ಬಂದು ಮೊಮ್ಮಕ್ಕಳನ್ನ ಎತ್ಕೊಳ್ಳೋದು ಬೇಡ. ಬಚ್ಚಲಿನ ಹೊರಗೇ ಬಟ್ಟೆ ಬಿಚ್ಚಿ ಬಕೆಟ್ಟಿಗೆ ಹಾಕಿ ಹಂಡೆಯ ಬಿಸಿನೀರು ಹೊಯ್ಯಿರಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಅಮೆರಿಕದಲ್ಲಿ 2016ರಲ್ಲಿ ಬೇರೆ ಜಾತಿ ಉಣುಗಿನ ಮೇಲೆ ಬಟ್ಟೆ ಒಗೆಯೋ ಪ್ರಯೋಗ ಮಾಡಿದ್ರು, ತಣ್ಣೀರು, ಉಗುರುಬೆಚ್ಚಗಿನ ನೀರಲ್ಲಿ ಸೋಪು ಹಾಕಿ ಒಗೆದ್ರೂ ಎಷ್ಟೋ ಉಣುಗು ಬದುಕಿದ್ವು, ನೀರು 54 ಡಿಗ್ರಿಗಿಂತ ಬಿಸಿ ಇದ್ದಾಗ ಎಲ್ಲ ಸತ್ತವು, ಒಣ ಬಟ್ಟೆನ ಡ್ರೈಯರಲ್ಲಿ ಹೆಚ್ಚು ಬಿಸಿಗೆ ಆರು ನಿಮಿಷ ಹಾಕಿದ್ರೂ ಸತ್ತವು, ಉಣುಗು ನೀರಿಗಿಂತ ಒಣ ಶಾಖಕ್ಕೆ ಹೆದರತ್ತೆ ಅಂತಾಯ್ತು. ನಮ್ಮಲ್ಲಿ ಡ್ರೈಯರ್ ಇಲ್ಲ, ಆದ್ರೆ ಮಲೆನಾಡಿನ ಮನೇಲಿ ಬಚ್ಚಲ ಒಲೆ ಹಂಡೆ ಇದೆಯಲ್ಲ, ಕೈ ಇಡೋಕಾಗದಷ್ಟು ಕಾದ ನೀರು ಸಾಕು, ಅದರಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ಒಗೆದು ಬಿಸಿಲಿಗೆ ಹಾಕಿ. ನೀವೂ ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿ.

ಸ್ನಾನ ಆದ್ಮೇಲೆ ಮೈ ನೋಡ್ಕೊಳ್ಳೋದು. ಮೊಣಕಾಲಿನ ಹಿಂದಿನ ಸಂದು, ತೊಡೆ ಸಂದು, ಸೊಂಟದ ಉಡಿದಾರದ ಕೆಳಗೆ, ಕಂಕುಳು, ಹೊಕ್ಕಳು, ಕಿವಿ ಹಿಂದೆ, ಕೂದಲಿನ ಬುಡ, ಇಷ್ಟು ಜಾಗ. ನಾವು ನೋಡ್ಕೊಳ್ಳೋಕಾಗದ ಜಾಗ ಮನೆಯೋರು ನೋಡಬೇಕು. ಎರಡು ವರ್ಷದ ಹಿಂದೆ ಫೆಬ್ರವರಿಲಿ ಒಂದಿನ ಅಪ್ಪಯ್ಯ ಸ್ನಾನ ಮುಗಿಸಿ ಬಂದು "ಏನೂ ಇಲ್ಲ ಮಾರಾಯ, ಎಲ್ಲ ನೋಡಿದೀನಿ" ಅಂತ ಚಾಪೆ ಮೇಲೆ ಕೂತ್ರು. "ಅಪ್ಪಯ್ಯ, ಒಂದ್ನಿಮಿಷ ನಿಂತ್ಕಳಿ" ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಎಡಗಾಲು ಮೊಣಕಾಲಿನ ಹಿಂದೆ ಮಡಿಕೆಲಿ ರಾಗಿಕಾಳಿನಷ್ಟು ಒಂದು ಕಂದು ಚುಕ್ಕೆ. ಮಚ್ಚೆ ಅಂದ್ಕೊಂಡು ಬಿಟ್ಟು ಬಿಡೋ ಹಾಗಿತ್ತು. ಬೆರಳಲ್ಲಿ ಸವರಿದ್ರೆ ಅಲ್ಲಾಡ್ಲಿಲ್ಲ, ಮೊಬೈಲಲ್ಲಿ ಝೂಮ್ ಮಾಡಿದ್ಮೇಲೆ ಎರಡೂ ಕಡೆ ಸಣ್ಣ ಕೂದಲ ಹಾಗೆ ಕಾಲು ಕಂಡ್ವು, ತಲೆ ಚರ್ಮದೊಳಗೆ. ಅಪ್ಪಯ್ಯಂಗೆ ತುರಿಕೆ ಇಲ್ಲ, ನೋವಿಲ್ಲ, ಏನೂ ಗೊತ್ತೇ ಆಗಿರ್ಲಿಲ್ಲ. ಅವತ್ತಿಂದ ನಮ್ಮನೇಲಿ ಟಾರ್ಚ್ ಹಾಕಿ ನೋಡದೆ ಯಾರೂ ಊಟಕ್ಕೆ ಕೂರಲ್ಲ.

ತೆಗೆಯೋದು ಹೇಗೆ ಅಂದ್ರೆ, ತುದಿ ಚೂಪಾಗಿರೋ ಚಿಮಟ ಬೇಕು, ಮೆಡಿಕಲ್ ಶಾಪಲ್ಲಿ ಸಿಗತ್ತೆ. ಉಣುಗಿನ ಹೊಟ್ಟೆ ಹಿಡೀಬೇಡಿ, ಚರ್ಮಕ್ಕೆ ಎಷ್ಟು ಹತ್ತಿರ ಆಗತ್ತೋ ಅಷ್ಟು ಹತ್ತಿರ ಹಿಡ್ಕೊಂಡು ತಿರುಚದೆ ನೆಟ್ಟಗೆ ಮೇಲಕ್ಕೆ ನಿಧಾನಕ್ಕೆ ಎಳೀರಿ. ಜಗ್ಗಿದ್ರೆ ಬಾಯಿ ಮುರಿದು ಒಳಗೆ ಉಳಿಯತ್ತೆ. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ರಸ ಹಚ್ಚೋದು, ಬೀಡಿ ಕಿಡಿ ತಾಗಿಸೋದು ನಮ್ಮ ಕಡೆ ಹಿಂದಿಂದ ನಡ್ಕೊಂಡು ಬಂದಿದೆ, ಬೇಡ, ಉಣುಗು ಸಂಕಟಪಟ್ಟು ಹೊಟ್ಟೇಲಿದ್ದಿದ್ದನ್ನ ಗಾಯದೊಳಗೇ ಕಕ್ಕೋ ಅಪಾಯ ಇದೆ. ಉಗುರಲ್ಲಿ ಕುಟ್ಟಿ ಸಾಯಿಸೋದಂತೂ ಬೇಡವೇ ಬೇಡ. ತೆಗೆದಿದ್ದನ್ನ ಟೇಪಿಗೆ ಅಂಟಿಸಿ ಅಥವಾ ಸ್ಪಿರಿಟ್ ಇರೋ ಬಾಟಲಿಗೆ ಹಾಕಿ, ಕಚ್ಚಿದ ಜಾಗ, ಕೈ ಎರಡೂ ಸೋಪಲ್ಲಿ ತೊಳೀರಿ.

ದನದ ಬಗ್ಗೆ ಜನಕ್ಕೆ ತುಂಬಾ ಗೊಂದಲ ಇದೆ. ದನಕ್ಕೆ ಈ ಕಾಯಿಲೆ ಬಂದು ಅದರಿಂದ ನಮಗೆ ಬರೋದಲ್ಲ, ಹಾಲಿಂದ ಬರತ್ತೆ ಅನ್ನೋದಕ್ಕೆ ಸಾಕ್ಷಿ ಇಲ್ಲ. ಆದ್ರೆ ದೊಡ್ಡ ಉಣುಗಿಗೆ ಊಟ ಹಾಕೋದು ದನ, ಕಾಡಿಗೆ ಮೇಯೋಕೆ ಬಿಟ್ಟ ದನದಿಂದ ಉಣುಗಿನ ಸಂತಾನ ಹೆಚ್ಚಾಗತ್ತೆ ಅಂತ 1960ರ ದಶಕದಲ್ಲೇ ಹೋರ್ಹೆ ಬೋಷೆಲ್ ಅನ್ನೋ ವಿಜ್ಞಾನಿ ಇಲ್ಲೇ ಕೆಲಸ ಮಾಡಿ ಹೇಳಿದ್ರು. 2021ರಲ್ಲಿ ಅದೇ ಮಂಕಿ ಫೀವರ್ ರಿಸ್ಕ್ ತಂಡದೋರು ಹಳೇ ಸಂಶೋಧನೆ ಎಲ್ಲ ಒಟ್ಟು ಹಾಕಿ ನೋಡಿದಾಗ ನಾವು ಕೊಡೋ ಎಷ್ಟೋ ಸಲಹೆಗೆ ಹಿಂದಿರೋ ಪುರಾವೆ ತೆಳ್ಳಗಿದೆ, ಕಾಡುಪ್ರಾಣಿ ದನಗಳ ಪಾತ್ರ ಇನ್ನೂ ಸರಿಯಾಗಿ ಅಳೆದಿಲ್ಲ ಅಂತ ನೇರವಾಗಿ ಬರೆದ್ರು, ಹಾಗೆ ಬಿಚ್ಚಿ ಹೇಳಿದ್ದು ನನಗೆ ಗೌರವ ತಂತು. ನಾವು ಮಾಡಬಹುದಾದ್ದು, ದನದ ಡಾಕ್ಟ್ರ ಹತ್ರ ಕೇಳಿ ಉಣುಗಿನ ಔಷಧಿನ ಅವರು ಹೇಳಿದ ಅಳತೆಲೇ ಹಾಕೋದು, ಔಷಧಿ ಹಾಕಿದ್ಮೇಲೆ ಎಷ್ಟು ದಿನ ಹಾಲು ಬಳಸ್ಬಾರದು ಅಂತ ಮರೀದೆ ಕೇಳೋದು, ಮಂಗ ಸತ್ತ ಕಡೆ ದನ ಬಿಡದೆ ಇರೋದು. ಕೊಟ್ಟಿಗೇಲಿ ದನದ ಕಿವಿಲಿ ಕಾಣೋ ಬೂದು ಬಣ್ಣದ ಉಬ್ಬಿದ ಉಣುಗು ಬಹಳ ಸಲ ಬೇರೆ ಜಾತಿದೇ ಇರತ್ತೆ, ಅದನ್ನ ನೋಡಿ ಗಾಬರಿ ಬೀಳಬೇಡಿ, ಹಾಗಂತ ಬರಿಗೈಲಿ ಕಿತ್ತು ಹಿಸುಕಬೇಡಿ.

ಲಸಿಕೆ ಇದೆಯಲ್ಲ ಅಂತ ಕೇಳೋರಿಗೆ, ಹಳೇ ಲಸಿಕೆ 2022ರಲ್ಲಿ ನಿಲ್ಲಿಸಿದ್ರು. 2005ರಿಂದ 2010ರವರೆಗಿನ ಕರ್ನಾಟಕದ ಕೇಸುಗಳನ್ನ ನೋಡಿ ಮಾಡಿದ ಅಧ್ಯಯನದಲ್ಲಿ ಎರಡು ಡೋಸ್ ತಗೊಂಡೋರಿಗೆ ಸುಮಾರು 62 ಪರ್ಸೆಂಟ್, ಮೇಲೆ ಬೂಸ್ಟರ್ ತಗೊಂಡೋರಿಗೆ ಸುಮಾರು 83 ಪರ್ಸೆಂಟ್ ರಕ್ಷಣೆ ಅಂತ ಬಂದಿತ್ತು. ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಗೆ ಇಳಿದಿದ್ದಾರೆ, ಅದು ಊರಿಗೆ ಬರೋವರೆಗೆ ಮೇಲೆ ಹೇಳಿದ್ದೇ ನಮ್ಮ ಲಸಿಕೆ.

ಕೊನೇದಾಗಿ ಜ್ವರ. ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂಗೆ ಚಳಿ ಜ್ವರ, ಹಣೆ ಸಿಡಿಯೋ ತಲೆನೋವು, ಸೊಂಟ ಕಾಲಿನ ಮಾಂಸಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು, ವಾಂತಿ ಭೇದಿ, ಕೆಲವರಿಗೆ ಮೂಗು, ವಸಡಿಂದ ರಕ್ತ. ನಮ್ಮ ಚಿಕ್ಕಮ್ಮಂಗೆ ಹೀಗೇ ಶುರುವಾದಾಗ ಮೊದಲು ತೋರಿಸಿದ ಕ್ಲಿನಿಕ್ಕಲ್ಲಿ ಮಾಮೂಲಿ ವೈರಲ್ ಅಂತ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಯಾಕಂದ್ರೆ ನಾವೂ ಬೆಟ್ಟಕ್ಕೆ ಹೋಗಿದ್ದು ಹೇಳಿರ್ಲಿಲ್ಲ, ಅವರೂ ಕೇಳಿರ್ಲಿಲ್ಲ. ನಾಲ್ಕು ದಿನ ಹೋಯ್ತು ಹಾಗೇ. ಡಾಕ್ಟ್ರ ಮುಂದೆ ಕೂತ ಕೂಡ್ಲೇ ಮೊದಲ ಮಾತೇ ಇದಾಗಿರಲಿ, ಇಂಥ ದಿನ ಬೆಟ್ಟಕ್ಕೆ ಹೋಗಿದ್ದೆ, ಉಣುಗು ಕಚ್ಚಿತ್ತು, ಕೆಎಫ್‌ಡಿ ಟೆಸ್ಟ್ ಮಾಡ್ಸಿ. ಮೊದಲ ವಾರದಲ್ಲಾದ್ರೆ ಆರ್‌ಟಿ ಪಿಸಿಆರ್, ಆಮೇಲಾದ್ರೆ ಐಜಿಎಂ ಎಲೈಸಾ ಅಂತ ಮಾಡ್ತಾರೆ, ರಕ್ತದ ಸ್ಯಾಂಪಲ್ಲನ್ನ ಆರೋಗ್ಯ ಕೇಂದ್ರದೋರೇ ಶಿವಮೊಗ್ಗದ ವೈರಸ್ ಲ್ಯಾಬಿಗೆ ಕಳಿಸ್ತಾರೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯೋದರಿಂದ ಡೆಂಗೆ ಅಂತ ತಪ್ಪು ತಿಳಿಯೋದೂ ಉಂಟು. ಈ ವೈರಸ್ಸನ್ನೇ ಕೊಲ್ಲೋ ಔಷಧಿ ಇಲ್ಲ, ನೀರು, ಡ್ರಿಪ್, ಜ್ವರ ಇಳಿಸೋದು, ರಕ್ತಸ್ರಾವ ನೋಡ್ಕೊಳ್ಳೋದು ಇಷ್ಟೇ ಚಿಕಿತ್ಸೆ, ಹಾಗಾಗಿ ಬೇಗ ಅಡ್ಮಿಟ್ ಆದಷ್ಟು ಒಳ್ಳೇದು, ಕಾಯಿಲೆ ಬಂದೋರಲ್ಲಿ ನೂರಕ್ಕೆ 3ರಿಂದ 5 ಜನ ತೀರ್ಕೊಳ್ತಾರೆ. ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್, ಡೈಕ್ಲೊಫಿನಾಕ್ ಅಂಥ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗಬಹುದು. ಒಬ್ಬರಿಂದ ಒಬ್ಬರಿಗೆ ಇದು ಅಂಟಲ್ಲ, ಜ್ವರ ಬಂದೋರನ್ನ ದೂರ ಇಟ್ಟು ನೋಯಿಸ್ಬೇಡಿ, ಹತ್ತಿರ ಕೂತು ಗಂಜಿ ಕುಡಿಸಿ.

ಜ್ವರ ಬಿಟ್ಟ ಮೇಲೂ ಲೆಕ್ಕ ಬಿಡಬೇಡಿ. ನೂರಕ್ಕೆ ಹತ್ತಿಪ್ಪತ್ತು ಜನಕ್ಕೆ ಒಂದೆರಡು ವಾರ ಆರಾಮಾಗಿದ್ದು ಮೂರನೇ ವಾರದ ಹೊತ್ತಿಗೆ ಮತ್ತೆ ಜ್ವರ ಬರತ್ತೆ, ಈ ಸಲ ಕುತ್ತಿಗೆ ಬಿಗಿಯೋದು, ಕೈ ನಡುಗೋದು, ಕಣ್ಣು ಮಂಜಾಗೋದು, ಮಾತು ತಡವರಿಸೋದು. ಚಿಕ್ಕಮ್ಮಂಗೆ ಹದಿನೇಳನೇ ದಿನ ಕೈಲಿ ಹಿಡಿದ ಲೋಟ ನಡುಗಿದ್ದು ನೋಡಿ ಚಿಕ್ಕಪ್ಪ ತಕ್ಷಣ ಗಾಡಿ ಹತ್ತಿಸಿದ್ರು, ಉಳ್ಕೊಂಡ್ರು. ನಮ್ಮನೆ ಅಡುಗೆಮನೆ ಬಾಗಿಲ ಹಿಂದೆ ಇರೋ ಕ್ಯಾಲೆಂಡರಲ್ಲಿ ಈಗ ಡಿಸೆಂಬರಿಂದ ಮೇವರೆಗೆ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಲೆಕ್ಕ ಇರತ್ತೆ, ಯಾರು ಯಾವತ್ತು ಬೆಟ್ಟಕ್ಕೆ ಹೋದ್ರು ಅಂತ ಹೆಸರಿನ ಮೊದಲಕ್ಷರ, ಉಣುಗು ಕಚ್ಚಿದ್ರೆ ಸುತ್ತ ಕೆಂಪು ಗೆರೆ, ಅಲ್ಲಿಂದ ಎಂಟು ಮನೆ ಎಣಿಸಿ ಒಂದು ಚುಕ್ಕೆ.